ಕೆಂಪು ಗುಂಡಿ

ಡಿಶ್ಶಿನ ಜಿಲಾನಿ ಬಂದಾನ, ಚಾ ಕುಡದಾನ,
ಹೊಸ ಪೆಟ್ಟಿಗಿ ತೊಡಿ ಮ್ಯಾಲಿಟ್ಕೊಂಡು
ಹಸಗೂಸಿನ ಬೆನ್ನು ಸವರದಂಗ ಸವರ್ಲತ್ತಾನ.
"ಕಾಕಾ, ಇದು ಬರೇ ತೋರ್ಸೂದಿಲ್ಲ, ಹಿಡದಿಟ್ಕೊಂತದ.
ನೀವು ಡ್ಯೂಟಿಗಿ ಹೋಗ್ರಿ, ನಿಮ್ಮ ಸಲುವಾಗಿ ಇದು ನೋಡ್ತದ.
ಈ ಕೆಂಪು ಗುಂಡಿ ಒತ್ತಿದ್ರ ಮುಗೀತು.
ಓಡೂದು ನಿಲ್ಸ್ರಿ, ಹಿಂದಕ್ಕ ಓಡಸ್ರಿ,
ನೀವು ಎದ್ದು ಹೋಗಿ ಬರೂತನಕ
ಸಿಕ್ಸರ್ ಹೊಡದ ಬಾಲ್ ಗಾಳ್ಯಾಗೇ ನಿಂತಿರ್ತದ."

ಮೂವತ್ತೊಂದು ವರ್ಷ ವಾಡಿ ಜಂಕ್ಷನ್ನಿನ ಕ್ಯಾಬಿನ್ನಾಗ ಕುಂತಾವ ನಾ.
ಓಡೂದನ್ನ ನಿಲ್ಸೂದು ನನಗ ಕಲಸ್ತಾನ ಹುಡುಗ.
ಒಂದು ಕೆಂಪು ಬಿದ್ರ
ಶಹಾಬಾದ್ ತನಕ ಸಾಲು ಹಚ್ಚಿ ಬೈಗುಳ.
ನಿಂತ ಗಾಡ್ಯಾಗ ಕೂಸು ಅಳ್ತದ, ಚಾದವನ ಕೆಟಲಿ ಖಾಲಿ ಆಗ್ತದ,
ಗಾರ್ಡು ನನ್ನ ಅವ್ವನ್ನ ನೆನಸ್ತಾನ.
ಹಿಂದಕ್ಕ ಓಡ್ಸಿದ್ದು ಒಂದೇ ಸಲ.
ಅದರ ಕಾಗದ ಇನ್ನೂ ಸೊಲ್ಲಾಪುರದ ಆಫೀಸ್ನಾಗ ಅದ.

ಖರೇ ಹೇಳ್ಬೇಕಂದ್ರ ನನಗ ಬೇಕಾಗಿತ್ತು.
ಶಿಫ್ಟು ನಾಕರಿಂದ ಹನ್ನೆರಡು.
ಎಂಟೂವರಿ ಧಾರಾವಾಹಿ ಖುದ್ದು ನೋಡಿದವಲ್ಲ ನಾ.
ರಾತ್ರಿ ಸೈಕಲ್ ಗ್ವಾಡಿಗಿ ಆನಿಸಿ ಒಳಗ ಬಂದ್ರ
ಬ್ಯಾಳಿ ಬಿಸಿಗಿಟ್ಟು ಮಾಣಿಕಮ್ಮ ಶುರು ಹಚ್ತಾಳ:
"ಇವತ್ತೇನಾಯ್ತು ಗೊತ್ತದೇನು?"
ರೊಟ್ಟಿ ಮುರೀತೀನಿ.
ಅತ್ತಿ ಮಾತಿಗಿ ಸೆರಗು ತಲಿಮ್ಯಾಲ,
ಮೈದುನನ ಮಾತಿಗಿ ಸೌಟು ಮೀಸಿ,
ಕೋರ್ಟಿನ ಸೀನಿಗಿ ಶೇಂಗಾ ಹಿಂಡಿ ಡಬ್ಬಿ
ಪರಸಿ ಮ್ಯಾಲ ಬಡೀತಾಳ, ಆರ್ಡರ್ ಆರ್ಡರ್,
ಬಾಜು ಮನಿ ನಾಯಿ ಎದ್ದು ಕುಂದರ್ತದ.

ಹೋದ ಆಷಾಢ ಜ್ವರ ಬಂದು ಮನ್ಯಾಗ ಬಿದ್ದಿದ್ದೆ.
ಆಕಿ ಸಂತಿಗಿ ಹೋದಾಗ ಮಧ್ಯಾಹ್ನದ ಮರುಪ್ರಸಾರ ಹಚ್ಚಿದ್ರ
ಸೊಸಿ, ನಮ್ಮ ಮಾಣಿಕಮ್ಮನ ಸೊಸಿ,
ವಾರದ ಹಿಂದ ಕೀಲಿಕೈ ಗೊಂಚಲ ಅತ್ತಿ ಮುಂದ ಒಗದು
ಹೊಲಿಗಿ ಮಷೀನ್ ಟಂಟಂದಾಗ ಏರ್ಸಿ ಹ್ವಾದಾಕಿ,
ಅಲ್ಲೇ ದೇವರ ಕೋಣ್ಯಾಗ ಕುಂತು ಅಳ್ಲತ್ತಿದ್ಲು.
ಮಷೀನಿನ ಸುದ್ದೇ ಇಲ್ಲ.
ಟಂಟಂ ಅಂತೂ ಆ ಊರಾಗ ಇದ್ದಂಗೇ ಕಾಣ್ಲಿಲ್ಲ.

ಕೇಳ್ಲಿಲ್ಲ ನಾ.
ನಮ್ಮ ಒಳಕೋಣ್ಯಾಗ ಒಂದು ಮಷೀನ್ ಅದ, ಆಕಿ ತವರಿನವರು ಕೊಟ್ಟಿದ್ದು.
ನಮ್ಮವ್ವ ಇರೋತನಕ ಅದಕ್ಕ ಕೀಲಿ ಬಿದ್ದಿತ್ತು.
ಆವಾಗೂ ಕೇಳಿರ್ಲಿಲ್ಲ.

"ಐನೂರು ತಾಸು ಹಿಡೀತದ ಕಾಕಾ. ತಿಂಗಳಿಗಿ ಥೋಡೆ ಜಾಸ್ತಿ, ಅಷ್ಟೇ.
ಹಳೇ ಡಬ್ಬಿಗಿ ಎಂಟನೂರು ಕಳೀತೀನಿ."
ಕರೆಂಟ್ ಹೋದ್ರ?
"ಕರೆಂಟ್ ಹೋದ್ರ ಏನೂ ಹಿಡಿಯೂದಿಲ್ಲ."
ನಮ್ಮ ಓಣ್ಯಾಗ ಎಂಟಕ್ಕೇ ಹೋಗ್ತದ.
ಕರೆಂಟ್ ಹೋದ ದಿನದ ಕತಿ
ಮಾಣಿಕಮ್ಮ ಇನ್ನೂ ಉದ್ದ ಹೇಳ್ತಾಳ.

ಆಕಿ ಬಂದು ಬಾಗಿಲದಾಗ ನಿಂತ್ಳು, ಕೈಯಾಗ ಒದ್ದಿ ಅರಿವಿ,
ಡಿಶ್ಶಿನ ಮ್ಯಾಲಿನ ಸಿಮೆಂಟ್ ಧೂಳು ಒರಸಿ ಇಳದಾಳ.
"ನೋಡಿದ್ದು ನೋಡಿದಂಗೇ ತೋರ್ಸ್ತದೇನು ತಮ್ಮಾ?"
"ಇದ್ದದ್ದು ಇದ್ದಂಗ, ಕಾಕಿ. ಒಂದು ಅಕ್ಷರ ಆಕಡಿ ಈಕಡಿ ಇಲ್ಲ."
ಆಕಿ ನನ್ನ ನೋಡ್ಲಿಲ್ಲ. ಪೆಟ್ಟಿಗಿ ನೋಡಿದ್ಳು,
ಬೀಗರ ಮನ್ಯಾಗ ಬಾಳ ಶ್ಯಾಣ್ಯಾ ಹುಡುಗನ್ನ ನೋಡಿದಂಗ.

ಮುಂದಿನ ತಿಂಗಳು ನೋಡಮು ಅಂದೆ.
ಜಿಲಾನಿ ಪೆಟ್ಟಿಗಿ ಡಬ್ಬ್ಯಾಗ ಹಾಕ್ಕೊಂಡು ಗಾಡಿ ಒದ್ದ.

ಮಾರ್ಚಿಗಿ ನಂದು ರಿಟೈರು.
ಆಮ್ಯಾಲ ಎಂಟೂವರಿಗಿ ನಾನೂ ಟೀವಿ ಮುಂದೇ ಇರ್ತೀನಿ,
ಅದಕ್ಕ ಯಾವ ಗುಂಡಿ ಒತ್ಬೇಕು ಜಿಲಾನಿಗೂ ಗೊತ್ತಿರ್ಲಿಕ್ಕಿಲ್ಲ.

ಈಗರೆ ಮೂರೂವರಿ ಆಯ್ತು, ಸೈಕಲ್ಲಿಗಿ ಗಾಳಿ ಹೊಡೀಬೇಕು.
ಸೊಸಿ ಚಿತ್ತಾಪುರದಾಗ ಅಂಗಡಿ ಹಿಡದಾಳಂತ.
ಬೋರ್ಡು ಬರಸ್ಲತ್ತಾಳಂತ, ಹಳದಿ ಮ್ಯಾಲ ಕೆಂಪು.
ಯಾರ ಹೆಸರು ಅಂತ
ಇವತ್ತ ಹೇಳ್ತೀನಿ ಅಂದಾಳ.